ನಡುಗುವ ಗಾಡಿಯಲ್ಲಿ ನಿಲ್ಲುವ ಚಿತ್ರ

ಒಂದೇ ತಿರುವಿನ ಎರಡು ವಿಡಿಯೊಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಒಂದು ಹೊಸ ಕ್ಯಾಮರಾದ್ದು. 4ಕೆ ಚಿತ್ರ, ಎದ್ದು ಕಾಣುವ ಬಣ್ಣ, ನೀಲಿ ಆಕಾಶ, ಅಲುಗಾಟದ ಸುಳಿವೇ ಇಲ್ಲ. ಇನ್ನೊಂದು ಹತ್ತು ವರ್ಷ ಹಳೆಯ ಕ್ಯಾಮರಾದ್ದು. 1080ಪಿ, ಸಪ್ಪೆ ಬಣ್ಣ, ಆಕಾಶ ಬಿಳಿಚಿಕೊಂಡಿದೆ. ಆದರೆ ತಿರುವಿನ ಒಳಅಂಚಿನಲ್ಲಿ ಚೆಲ್ಲಿರುವ ಸಡಿಲ ಜಲ್ಲಿ ಈ ಎರಡನೆಯದರಲ್ಲೇ ಕಾಣುತ್ತದೆ. ಸ್ಟೀರಿಂಗ್ ಮೇಲಿನ ಕೈ ಯಾವ ಗಳಿಗೆಯಲ್ಲಿ ತಿದ್ದಿಕೊಂಡಿತು, ಬ್ರೇಕ್ ಹಾಕುವಾಗ ಕಾರಿನ ಮೂಗು ಎಷ್ಟು ಬಗ್ಗಿತು ಎಂಬುದೂ ತಿಳಿಯುತ್ತದೆ. ಮೊದಲನೆಯದರಲ್ಲಿ ರಸ್ತೆಯ ಮೈಯೆಲ್ಲ ಕಂದು ಬಣ್ಣದ ನುಣುಪು ಲೇಪವಾಗಿಬಿಟ್ಟಿದೆ. ಕಾರು ಬಗ್ಗಿದ್ದನ್ನು ಕ್ಯಾಮರಾದ ತಂತ್ರಾಂಶವೇ ಅಳಿಸಿ ಹಾಕಿದೆ. ನೋಡುಗರಿಗೆ ಮೊದಲನೆಯದು ಚೆಂದ. ಸೆಕೆಂಡಿನ ಹತ್ತನೇ ಒಂದು ಭಾಗಕ್ಕಾಗಿ ತಿಣುಕುವ ಚಾಲಕನಿಗೆ ಬೇಕಾದದ್ದು ಎರಡನೆಯದು.

ಸಣ್ಣ ವಿಡಿಯೊ ಕ್ಯಾಮರಾಗಳ ಬಗ್ಗೆ ನಡೆಯುವ ಹೋಲಿಕೆಗಳಲ್ಲಿ ಹೆಚ್ಚಿನವು ಈ ವ್ಯತ್ಯಾಸವನ್ನು ಗಮನಿಸುವುದಿಲ್ಲ. ಉದ್ಯಾನದಲ್ಲಿ ನಡೆಯುತ್ತಲೋ ಸೈಕಲ್ ತುಳಿಯುತ್ತಲೋ ತೆಗೆದ ತುಣುಕುಗಳನ್ನು ಅಕ್ಕಪಕ್ಕ ಜೋಡಿಸಿ, ಯಾವುದು ತೀಕ್ಷ್ಣ, ಯಾವುದು ಸ್ಥಿರ ಎಂದು ತೀರ್ಪು ಕೊಡುತ್ತಾರೆ. ಚಿಕ್ಕಮಗಳೂರು, ಕೊಡಗುಗಳ ಕಾಫಿ ತೋಟದ ಮಣ್ಣುದಾರಿಯಲ್ಲಿ ರ‍್ಯಾಲಿ ಓಡಿಸುವವರಿಗೂ, ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್‌ನಲ್ಲೋ ಕೊಯಮತ್ತೂರಿನ ಕರಿ ಸ್ಪೀಡ್‌ವೇಯಲ್ಲೋ ಸುತ್ತು ಹಾಕುವ ಬೆಂಗಳೂರಿನ ಹುಡುಗ ಹುಡುಗಿಯರಿಗೂ ಆ ತೀರ್ಪಿನಿಂದ ಸಿಗುವ ಉಪಯೋಗ ಬಹಳ ಕಡಿಮೆ. ಇಲ್ಲಿ ಚಿತ್ರವನ್ನು ಕೆಡಿಸುವ ಸಂಗತಿಗಳೇ ಬೇರೆ. ಎಂಜಿನ್ನಿನ ನಡುಕ, ಮರದ ನೆರಳು, ಮುಂಗಾಜಿನ ಪ್ರತಿಬಿಂಬ, ಗುಡುಗುಡು ಓಡುವ ಜಲ್ಲಿ, ಕ್ಯಾಮರಾ ಕೂರಿಸಿದ ಜಾಗ, ಇವೆಲ್ಲವೂ ಸೇರಿ ಗುಣಮಟ್ಟವನ್ನು ನಿರ್ಧರಿಸುತ್ತವೆ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚಾದ ಸಂಖ್ಯೆಯ ಪಾಲು ಅದರಲ್ಲಿ ಚಿಕ್ಕದು.

ಓಡುವ ರೇಸ್ ಕಾರಿನೊಳಗಿಂದ ಚಿತ್ರ ತೆಗೆಯುವ ಆಸೆ ಹಳೆಯದು, ಅದಕ್ಕೆ ತೆತ್ತ ಶ್ರಮವೂ ದೊಡ್ಡದು. ಸ್ಟೀವ್ ಮೆಕ್‌ಕ್ವೀನ್ ನಟಿಸಿದ 'ಲ ಮಾನ್' ಚಿತ್ರಕ್ಕಾಗಿ 1970ರ ಲ ಮಾನ್ 24 ಗಂಟೆಯ ಓಟದಲ್ಲೇ ಒಂದು ಪೋರ್ಷೆ 908 ಕಾರನ್ನು ಕ್ಯಾಮರಾ ಹೊರಿಸಿ ಇಳಿಸಿದ್ದರು. ಹರ್ಬರ್ಟ್ ಲಿಂಗೆ ಮತ್ತು ಜೊನಾಥನ್ ವಿಲಿಯಮ್ಸ್ ಅದನ್ನು ಓಡಿಸಿದರು. ಫಿಲ್ಮಿನ ಸುರುಳಿ ಬದಲಿಸಲೆಂದೇ ಮತ್ತೆ ಮತ್ತೆ ಪಿಟ್‌ಗೆ ಬರಬೇಕಾಗಿತ್ತು. ಟಿವಿ ನೇರ ಪ್ರಸಾರಕ್ಕೆ ಇದನ್ನು ಒಗ್ಗಿಸಿದವರು ಆಸ್ಟ್ರೇಲಿಯಾದವರು. 1979ರ ಬ್ಯಾಥರ್ಸ್ಟ್ ಓಟದಲ್ಲಿ ಪೀಟರ್ ವಿಲಿಯಮ್‌ಸನ್ ಅವರ ಟೊಯೋಟಾ ಸೆಲಿಕಾದಲ್ಲಿ ಚಾನೆಲ್ 7 'ರೇಸ್‌ಕ್ಯಾಮ್' ಕೂರಿಸಿತು. ಆರು ವರ್ಷದ ಬಳಿಕ, 1985ರ ಜರ್ಮನ್ ಗ್ರ್ಯಾನ್ ಪ್ರಿಯಲ್ಲಿ ರೆನೋ ತಂಡ ಕ್ಯಾಮರಾಕ್ಕಾಗಿಯೇ ಮೂರನೆಯ ಕಾರೊಂದನ್ನು ಫ್ರಾನ್ಸ್ವಾ ಎಸ್ನೋಗೆ ಕೊಟ್ಟು ನ್ಯೂರ್ಬರ್ಗ್‌ರಿಂಗ್‌ನಲ್ಲಿ ಇಳಿಸಿತು. ಫಾರ್ಮುಲಾ 1 ಓಟದ ನಡುವೆ ಕಾರಿನಿಂದಲೇ ಚಿತ್ರ ಕಳಿಸಿದ್ದು ಅದೇ ಮೊದಲು. ಆಗಿನ ಕ್ಯಾಮರಾ ಎಂದರೆ ಭಾರ, ಆ ಭಾರ ಎಂದರೆ ಸೋಲು.

ಸಾಮಾನ್ಯ ಸ್ಪರ್ಧಿಯ ಕೈಗೆ ಇದು ಬಂದದ್ದು ಈ ಶತಮಾನದಲ್ಲಿ. ಮೊದಲು ಲಿಪ್‌ಸ್ಟಿಕ್‌ನಷ್ಟು ಗಾತ್ರದ ಬುಲೆಟ್ ಕ್ಯಾಮರಾವನ್ನು ಕಾರಿನೊಳಗಿನ ರಕ್ಷಣಾ ಪಂಜರವಾದ ರೋಲ್ ಕೇಜ್‌ಗೆ ಕಟ್ಟಿ, ತಂತಿ ಎಳೆದು, ರೆಕಾರ್ಡರನ್ನು ಸೀಟಿನ ಹಿಂದೆ ಇಡುತ್ತಿದ್ದರು. ವಿಐಒ ಕಂಪನಿಯ ಪಿಒವಿ ಸರಣಿ, ಚೇಸ್‌ಕ್ಯಾಮ್ ಇವೆಲ್ಲ ಆ ಬಗೆಯವು. ಲೆನ್ಸನ್ನೂ ರೆಕಾರ್ಡರನ್ನೂ ಬೇರೆ ಮಾಡಿದ್ದು ಬುದ್ಧಿವಂತಿಕೆಯ ಕೆಲಸ ಎಂದು ಇಂದಿಗೂ ನನ್ನ ಅಭಿಪ್ರಾಯ. ಹಗುರವಾದ ತಲೆ ಕಡಿಮೆ ನಡುಗುತ್ತದೆ, ಬ್ಯಾಟರಿಯೂ ಕಾರ್ಡೂ ಸುರಕ್ಷಿತ ಜಾಗದಲ್ಲಿರುತ್ತವೆ. ಗೋಪ್ರೊ 2006ರಲ್ಲಿ ತಂದ ಮೊದಲ ಡಿಜಿಟಲ್ ಹೀರೊ ಒಮ್ಮೆಗೆ 10 ಸೆಕೆಂಡು ಮಾತ್ರ ಚಿತ್ರೀಕರಿಸುತ್ತಿತ್ತು, ಅದೂ ಶಬ್ದವಿಲ್ಲದೆ. 2009ರಲ್ಲಿ ಎಚ್‌ಡಿ ಹೀರೊ 1080ಪಿ ಕೊಟ್ಟಾಗ ಚಿತ್ರಣವೇ ಬದಲಾಯಿತು. ಅದೇ ಕಾಲಕ್ಕೆ ಕಾಂಟೂರ್, ಡ್ರಿಫ್ಟ್, ರಿಪ್ಲೇ ಎಕ್ಸ್‌ಡಿ ಕಂಪನಿಗಳು ಉದ್ದ ಕೊಳವೆಯಾಕಾರದ ಕ್ಯಾಮರಾ ತಂದವು. ಲೆನ್ಸನ್ನು ತಿರುಗಿಸಿ ಚಿತ್ರವನ್ನು ನೇರ ಮಾಡಿಕೊಳ್ಳುವ ಡ್ರಿಫ್ಟ್‌ನ ಏರ್ಪಾಡು ಹೆಲ್ಮೆಟ್ ಪಕ್ಕ ಕ್ಯಾಮರಾ ಹಾಕುವವರಿಗೆ ವರವಾಗಿತ್ತು. ರಿಪ್ಲೇ ಎಕ್ಸ್‌ಡಿಯ ಅಲ್ಯೂಮಿನಿಯಂ ಕೊಳವೆಯನ್ನು ರೇಸಿನವರು ಮೆಚ್ಚಿದ್ದು ಅದರ ಗಟ್ಟಿತನಕ್ಕೆ. ಸೋನಿ 2012ರಲ್ಲಿ ಸೇರಿಕೊಂಡಿತು. 2019ರಲ್ಲಿ ಡಿಜೆಐ ಓಸ್ಮೊ ಆ್ಯಕ್ಷನ್ ಬಂತು. ಶೆನ್‌ಝೆನ್‌ನ ಇನ್‌ಸ್ಟಾ360 360 ಡಿಗ್ರಿ ಕ್ಯಾಮರಾಗಳ ಕಡೆಯಿಂದ ನುಗ್ಗಿತು. ಈಗ ಮಾರುಕಟ್ಟೆ ಬಹುಮಟ್ಟಿಗೆ ಗೋಪ್ರೊ, ಡಿಜೆಐ, ಇನ್‌ಸ್ಟಾ360 ಎಂಬ ಮೂವರದು.

ಈಗ ಚಿತ್ರವನ್ನು ಕೆಡಿಸುವ ಶತ್ರುಗಳ ವಿಚಾರ. ಮೊದಲನೆಯದು ನಡುಕ.

ಈ ಸಣ್ಣ ಕ್ಯಾಮರಾಗಳ ಸೆನ್ಸರ್ ಇಡೀ ಚಿತ್ರವನ್ನು ಒಂದೇ ಕ್ಷಣದಲ್ಲಿ ಹಿಡಿಯುವುದಿಲ್ಲ. ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಒಂದೊಂದಾಗಿ ಓದುತ್ತಾ ಬರುತ್ತದೆ. ಇದೇ ರೋಲಿಂಗ್ ಶಟರ್. ಈ ಓದಿಗೆ 20 ಮಿಲಿಸೆಕೆಂಡು ಹಿಡಿಯಿತು ಎಂದುಕೊಳ್ಳಿ. ಒಂಟಿ ಸಿಲಿಂಡರಿನ ಬೈಕಿನ ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುತ್ತಿದ್ದರೆ ಅದರ ಮುಖ್ಯ ನಡುಕ ಸೆಕೆಂಡಿಗೆ 100 ಬಾರಿ. ಅಂದರೆ ಒಂದೇ ಚೌಕಟ್ಟನ್ನು ಓದಿ ಮುಗಿಸುವಷ್ಟರಲ್ಲಿ ಕ್ಯಾಮರಾ ಎರಡು ಸಲ ಪೂರ್ತಿ ಅತ್ತಿತ್ತ ಆಡಿರುತ್ತದೆ. ನೇರವಾಗಿರಬೇಕಾದ ಕಂಬ ಚಿತ್ರದಲ್ಲಿ ಎರಡು ಅಲೆಯಾಗಿ ಬಳುಕುತ್ತದೆ. 9000 ಸುತ್ತಿಗೆ ಏರಿಸಿದರೆ ಮೂರು ಅಲೆ. ನಾಲ್ಕು ಸಿಲಿಂಡರಿನ ಸಾಲು ಎಂಜಿನ್‌ನಲ್ಲಿ ಉಳಿಯುವ ನಡುಕ ಸುತ್ತಿನ ಎರಡು ಪಟ್ಟು ವೇಗದ್ದು, ಅಲೆಗಳು ಇನ್ನೂ ಒತ್ತೊತ್ತಾಗುತ್ತವೆ. ಇದನ್ನೇ ನಮ್ಮವರು 'ಜೆಲ್ಲೊ' ಎನ್ನುವುದು. 4ಕೆ ಇರಲಿ, 5ಕೆ ಇರಲಿ, ಜೆಲ್ಲೊ ಬಂದ ಚಿತ್ರ ಕಸ.

ಇದನ್ನು ತಡೆಯುವುದರಲ್ಲಿ ಕ್ಯಾಮರಾದ ಪಾತ್ರ ಅರ್ಧ, ಕೂರಿಸುವ ಕೈಯ ಪಾತ್ರ ಅರ್ಧ. ಓದು ಎಷ್ಟು ಬೇಗ ಮುಗಿಯುತ್ತದೋ ಅಲೆ ಅಷ್ಟು ಕಡಿಮೆ. ಸೆಕೆಂಡಿಗೆ 120 ಚೌಕಟ್ಟು ಕೊಡುವ ವಿಧಾನದಲ್ಲಿ ಒಂದೊಂದು ಚೌಕಟ್ಟಿನ ಓದೂ ಸೆಕೆಂಡಿನ 120ನೇ ಒಂದು ಭಾಗದೊಳಗೆ ಮುಗಿಯಲೇಬೇಕು. ಹಾಗಾಗಿ ಹೆಚ್ಚು ಚೌಕಟ್ಟಿನ ವಿಧಾನಗಳಲ್ಲಿ ಜೆಲ್ಲೊ ಕಡಿಮೆ. ಸಾಮಾನ್ಯ ಹೋಲಿಕೆಗಳು ಈ ಓದಿನ ವೇಗವನ್ನು ಹೇಳುವುದೇ ಇಲ್ಲ; ರೇಸಿಗೆ ಮಾತ್ರ ಅದೇ ಮೊದಲ ಪ್ರಶ್ನೆಯಾಗಬೇಕು. ಇನ್ನು ಕೂರಿಸುವ ವಿಚಾರಕ್ಕೆ ಬಂದರೆ, ಹೀರುಬಟ್ಟಲಿನ ಮೌಂಟಿಗೆ ಮೂರು ಕೀಲಿನ ಉದ್ದ ತೋಳು ಜೋಡಿಸಿ ಅದರ ತುದಿಯಲ್ಲಿ ಕ್ಯಾಮರಾ ಇಟ್ಟರೆ ಆ ತೋಳೇ ನಡುಕವನ್ನು ಹಿಗ್ಗಿಸುತ್ತದೆ. ರೋಲ್ ಕೇಜ್‌ನ ಅಡ್ಡಕೊಳವೆಗೆ ಲೋಹದ ಕ್ಲ್ಯಾಂಪ್, ಗಿಡ್ಡ ತೋಳು, ಬಿಗಿ ಬೋಲ್ಟ್, ಇವಿಷ್ಟೇ ಸಾಕು. ಬೈಕಿನಲ್ಲಿ ಟ್ಯಾಂಕಿನ ಮೇಲ್ಭಾಗ ಅಥವಾ ಸವಾರನ ಎದೆ ಹ್ಯಾಂಡಲ್‌ಗಿಂತ ಎಷ್ಟೋ ಮೇಲು. ಸವಾರನ ಮೈಯೇ ನಡುಕವನ್ನು ನುಂಗಿಕೊಳ್ಳುತ್ತದೆ.

ಗಟ್ಟಿಯಾಗಿ ಕೂರಿಸುವುದು ಚಿತ್ರಕ್ಕಷ್ಟೇ ಅಲ್ಲ, ಪ್ರಾಣಕ್ಕೂ ಸಂಬಂಧಿಸಿದ್ದು. 150 ಗ್ರಾಂ ತೂಕದ ಕ್ಯಾಮರಾ 25 ಜಿಯಷ್ಟು, ಅಂದರೆ ಗುರುತ್ವದ 25 ಪಟ್ಟು ಹೊಡೆತದಲ್ಲಿ ಪೌನೆ ನಾಲ್ಕು ಕಿಲೋದಷ್ಟು ಬಲದಿಂದ ಮುಂದಕ್ಕೆ ಎಗರುತ್ತದೆ, ಎಗರುವುದು ಇಬ್ಬರು ಕುಳಿತಿರುವ ಚಿಕ್ಕ ಗೂಡಿನೊಳಗೆ. ಬೋಲ್ಟಿನ ಜತೆಗೆ ಉಕ್ಕಿನ ತಂತಿಯ ಕಟ್ಟೂ ಇರಲೇಬೇಕು. ಹೆಲ್ಮೆಟ್ ಮೇಲೆ ಕ್ಯಾಮರಾ ಅಂಟಿಸುವುದನ್ನು ಅನೇಕ ಸಂಘಟಕರು ಬಿಡುವುದಿಲ್ಲ, ಬಿಡಬಾರದು ಕೂಡ. ಜಾರಿ ಹೋಗಬೇಕಾದ ನುಣುಪು ಚಿಪ್ಪಿನ ಮೇಲೆ ಒಂದು ಗೂಟ ನೆಟ್ಟಂತೆ ಅದು. ಫಾರ್ಮುಲಾ 1ರಲ್ಲಿ 2023ರಿಂದ ಎಲ್ಲ ಚಾಲಕರೂ ಬಳಸುತ್ತಿರುವ ಹೆಲ್ಮೆಟ್ ಕ್ಯಾಮರಾ ಹೊರಚಿಪ್ಪಿನ ಮೇಲಿಲ್ಲ. ಕಣ್ಣಿನ ಪಕ್ಕದ ಮೆತ್ತೆಯೊಳಗೆ ಹುದುಗಿದೆ.

ಇನ್ನು ಅಲುಗಾಟ ತಡೆಯುವ ತಂತ್ರಾಂಶ. ಗೋಪ್ರೊ 2018ರಲ್ಲಿ ಹೀರೊ7ರ ಜತೆ ತಂದ ಹೈಪರ್‌ಸ್ಮೂತ್ ಈ ಕ್ಷೇತ್ರದ ದೊಡ್ಡ ಜಿಗಿತ ಎನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ಕಾರಿನೊಳಗೆ ಅದು ಹಲವು ಸಲ ಹಾನಿಯನ್ನೇ ಮಾಡುತ್ತದೆ. ಈ ತಂತ್ರಾಂಶ ಕ್ಯಾಮರಾದೊಳಗಿನ ಗೈರೊ ಹೇಳಿದ್ದನ್ನು ನಂಬಿ ನಡೆಯುತ್ತದೆ. ಕಾರು ಎಡಕ್ಕೆ ತಿರುಗಿತು ಎಂದು ಗೈರೊ ಹೇಳಿದಾಗ, ಅದು ಕೈನಡುಕವೆಂದು ಬಗೆದು ಚೌಕಟ್ಟನ್ನು ಬಲಕ್ಕೆ ಸರಿಸಲು ನೋಡುತ್ತದೆ. ಕ್ಯಾಮರಾ ಕಾರಿಗೇ ಕಟ್ಟಿರುವುದರಿಂದ ಡ್ಯಾಶ್‌ಬೋರ್ಡೂ ಸ್ಟೀರಿಂಗೂ ಚಿತ್ರದಲ್ಲಿ ನಿಂತಲ್ಲೇ ನಿಲ್ಲಬೇಕಾದವು. ಅವು ತೇಲಾಡತೊಡಗುತ್ತವೆ, ತಂತ್ರಾಂಶದ ಅಂಚು ಮುಗಿದ ಕೂಡಲೇ ಥಟ್ಟನೆ ಜಾಗಕ್ಕೆ ಮರಳುತ್ತವೆ. ಜಲ್ಲಿದಾರಿಯಲ್ಲಿ ಕಾರು ಕುಪ್ಪಳಿಸಿದಾಗ ಹೊರಗಿನ ದಾರಿ ಸ್ಥಿರವಾಗಿ ಒಳಗಿನ ಕೈ ಕುಣಿಯುತ್ತದೆ. ಚಾಲಕನ ಕೈಯನ್ನು ಓದಬೇಕಾದವನಿಗೆ ಅದರಿಂದ ಏನು ಪ್ರಯೋಜನ? ಒಳಗಿನ ನೋಟಕ್ಕೆ ಸ್ಥಿರೀಕರಣವನ್ನು ಪೂರ್ತಿ ನಿಲ್ಲಿಸುವುದೇ ಸರಿ. ಬಂಪರ್ ಮೇಲೋ ಸವಾರನ ಎದೆಯ ಮೇಲೋ ಹಾಕಿ ದಾರಿಯನ್ನಷ್ಟೇ ತೋರಿಸುವುದಾದರೆ ಮಾತ್ರ ಅದು ಗೆಳೆಯ.

ಕ್ಷಿತಿಜವನ್ನು ಮಟ್ಟಸವಾಗಿ ಹಿಡಿಯುವ ಸೌಲಭ್ಯದ ಕಥೆಯೂ ಇಂಥದ್ದೇ. ಮೋಟೊಜಿಪಿ ಪ್ರಸಾರಕ್ಕೆ 2010ರಲ್ಲಿ ಬಂದ ಗೈರೊ ಕ್ಯಾಮರಾ ಬೈಕ್ ಎಷ್ಟೇ ವಾಲಿದರೂ ತಾನು ನೆಟ್ಟಗಿರುತ್ತಿತ್ತು. ನೆಲ ಮಟ್ಟಸವಾಗಿ ನಿಂತು ಬೈಕು ವಾಲುವುದು ಕಣ್ಣಿಗೆ ಹೊಡೆಯುವಂತೆ ಕಂಡಿತು. ಚಿತ್ರದಲ್ಲಿ ಬೈಕಿನ ಒಂದು ಭಾಗ ಇದ್ದರೆ ಈ ಸೌಲಭ್ಯ ವಾಲಿಕೆಯನ್ನು ತೋರಿಸುತ್ತದೆ. ಬೈಕು ಕಾಣದೆ ಬರೀ ರಸ್ತೆ ಕಾಣುವಂತಿದ್ದರೆ ವಾಲಿಕೆಯೇ ಮಾಯ. ಸವಾರ ಮೊಣಕಾಲು ನೆಲಕ್ಕೆ ಸವರಿದ ತಿರುವು ಸುಮ್ಮನೆ ತೇಲಿಕೊಂಡು ಹೋದಂತೆ ಕಾಣುತ್ತದೆ.

ಲೆನ್ಸನ್ನೇ ಅಲುಗಾಡಿಸಿ ನಡುಕ ತಡೆಯುವ ದಾರಿಯೂ ಇದೆ. 2016ರ ಸೋನಿ ಎಕ್ಸ್3000 ಲೆನ್ಸನ್ನೂ ಸೆನ್ಸರನ್ನೂ ಒಟ್ಟಿಗೆ ತೇಲಿಬಿಟ್ಟು ನಡಿಗೆಯ ಚಿತ್ರಗಳಲ್ಲಿ ಬೆರಗು ಹುಟ್ಟಿಸಿತು. ಆದರೆ ತೇಲುವ ಭಾಗಗಳಿಗೆ ಎಂಜಿನ್ನಿನ ವೇಗದ ನಡುಕ ಹಿಡಿಸದು. ಬೈಕಿನ ಎಂಜಿನ್ನಿನ ನಡುಕಕ್ಕೆ ಐಫೋನನ್ನು ಒಡ್ಡಿದರೆ ಅದರ ಕ್ಯಾಮರಾ ಹಾಳಾಗಬಹುದೆಂದು ಆ್ಯಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿದೆ. ಫೋನನ್ನು ಹ್ಯಾಂಡಲ್‌ಗೆ ಸಿಕ್ಕಿಸಿ ಟ್ರ್ಯಾಕಿಗೆ ಇಳಿಯುವ ಹುಡುಗರು ಇದನ್ನು ನೆನಪಿಡಬೇಕು.

ಎರಡನೆಯ ಶತ್ರು ಬೆಳಕು, ಅದರಲ್ಲೂ ನಮ್ಮ ಮಲೆನಾಡಿನ ಬೆಳಕು. ಕಾಫಿ ತೋಟದ ದಾರಿಯ ಎರಡೂ ಕಡೆ ಸಿಲ್ವರ್ ಓಕ್ ಸಾಲು. ನೆರಳು, ಬಿಸಿಲು, ಮತ್ತೆ ನೆರಳು. ಗಂಟೆಗೆ 90 ಕಿ.ಮೀ. ವೇಗದಲ್ಲಿ ಅಂದರೆ ಸೆಕೆಂಡಿಗೆ 25 ಮೀಟರಿನಲ್ಲಿ ಅದು ಸೆಕೆಂಡಿಗೆ ಹಲವು ಬಾರಿ ಬದಲಾಗುತ್ತದೆ. ಕ್ಯಾಮರಾದ ಸ್ವಯಂಚಾಲಿತ ಬೆಳಕಿನ ಹೊಂದಾಣಿಕೆ ಒಂದು ಹೆಜ್ಜೆ ಹಿಂದೆಯೇ ಉಳಿಯುತ್ತದೆ. ಬಿಸಿಲಿಗೆ ಹೊಂದಿಕೊಳ್ಳುವಷ್ಟರಲ್ಲಿ ಕಾರು ನೆರಳಿನಲ್ಲಿರುತ್ತದೆ. ಆ ನೆರಳಿನಲ್ಲೇ ತಾನೆ ಒದ್ದೆ ಎಲೆ, ಕಲ್ಲು, ಚರಂಡಿಯ ಅಂಚು ಇರುವುದು? ಐಲ್ ಆಫ್ ಮ್ಯಾನ್ ದ್ವೀಪದ ಟಿಟಿ ಬೈಕ್ ಓಟದ 60.7 ಕಿ.ಮೀ. ಸುತ್ತಿನಲ್ಲಿ ಹಳ್ಳಿಬೀದಿಯ ಮನೆಗಳು, ದಟ್ಟ ಮರಗಳ ಕಮಾನು, ಬೋಳುಬೆಟ್ಟ ಎಲ್ಲವೂ ಒಂದರ ಹಿಂದೊಂದು ಬರುತ್ತವೆ. ಆ ಆನ್‌ಬೋರ್ಡ್ ವಿಡಿಯೊಗಳಲ್ಲಿ ಮರಗಳ ಕೆಳಗಿನ ಭಾಗವನ್ನು ಗಮನಿಸಿ ನೋಡಿದರೆ ಒಂದು ಕ್ಯಾಮರಾದ ಯೋಗ್ಯತೆ ತಿಳಿದುಬಿಡುತ್ತದೆ.

ಇಲ್ಲಿ ಸೆನ್ಸರಿನ ಗಾತ್ರ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಬಹುಕಾಲ ಆ್ಯಕ್ಷನ್ ಕ್ಯಾಮರಾಗಳಲ್ಲಿದ್ದ 1/2.3 ಇಂಚಿನ ಸೆನ್ಸರಿನ ವಿಸ್ತೀರ್ಣ ಸುಮಾರು 28 ಚದರ ಮಿಲಿಮೀಟರು. ಡಿಜೆಐ ಓಸ್ಮೊ ಆ್ಯಕ್ಷನ್ 4 ಹಾಗೂ ಇನ್‌ಸ್ಟಾ360 ಏಸ್ ಪ್ರೊ 2023ರಲ್ಲಿ ತಂದ 1/1.3 ಇಂಚಿನದು ಸುಮಾರು 70, ಅಂದರೆ ಎರಡೂವರೆ ಪಟ್ಟು. ಗೋಪ್ರೊ 2022ರ ಹೀರೊ11ರಲ್ಲಿ ತಂದ 1/1.9 ಇಂಚಿನದು ನಡುವೆ ಎಲ್ಲೋ ಬರುತ್ತದೆ. ಮುಂಜಾನೆಯ ಮೊದಲ ರ‍್ಯಾಲಿ ಸ್ಟೇಜ್, ಮೋಡ ಕವಿದ ಮಳೆಗಾಲ, ಮರದಡಿಯ ದಾರಿ, ಈ ಮೂರಕ್ಕೂ ದೊಡ್ಡ ಸೆನ್ಸರೇ ಲೇಸು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ನಡುಹಗಲಿನ ಟ್ರ್ಯಾಕಿನಲ್ಲಿ ಮಾತ್ರ ಈ ಮೇಲುಗೈ ಹೆಚ್ಚುಕಡಿಮೆ ಕರಗಿಹೋಗುತ್ತದೆ.

ಕಾರಿನೊಳಗೆ ಇನ್ನೊಂದು ತೊಡಕಿದೆ. ಕ್ಯಾಮರಾ ಹಿಂದೆ ಇದ್ದಷ್ಟೂ ಚೌಕಟ್ಟಿನಲ್ಲಿ ಕಪ್ಪು ಡ್ಯಾಶ್‌ಬೋರ್ಡ್, ಸೀಟುಗಳು, ಕೊಳವೆಗಳು ತುಂಬಿಕೊಳ್ಳುತ್ತವೆ. ಕತ್ತಲೆ ಹೆಚ್ಚಿದೆ ಎಂದು ಕ್ಯಾಮರಾ ಬೆಳಕು ಏರಿಸುತ್ತದೆ. ಮುಂಗಾಜಿನ ಆಚೆಯ ರಸ್ತೆ ಬೆಳ್ಳಗೆ ಸುಟ್ಟುಹೋಗುತ್ತದೆ. ಕ್ಯಾಮರಾವನ್ನು ಮುಂದಕ್ಕೆ ತಂದು ಗಾಜಿನ ಪಾಲನ್ನು ಹೆಚ್ಚಿಸುವುದು, ಬೆಳಕಿನ ಅಳತೆಯನ್ನು ಗಾಜಿನ ನಡುವಿನ ಬಿಂದುವಿಗೆ ಕಟ್ಟಿಹಾಕುವುದು, ಬೆಳಕಿನ ಸಂಕೇತವನ್ನು ಹಿಗ್ಗಿಸುವ ಐಎಸ್ಒಗೆ ಮಿತಿ ಹಾಕುವುದು, ಡ್ಯಾಶ್‌ಬೋರ್ಡಿನ ಮೇಲೆ ಮಿರುಗದ ಕಪ್ಪು ಬಟ್ಟೆ ಹೊದಿಸಿ ಗಾಜಿನ ಪ್ರತಿಬಿಂಬ ಕೊಲ್ಲುವುದು, ಇಷ್ಟು ಮಾಡಿದರೆ ಮಧ್ಯಮ ಬೆಲೆಯ ಕ್ಯಾಮರಾವೂ ದುಬಾರಿಯದನ್ನು ಮೀರಿಸುತ್ತದೆ. ಬೆಳಕಿನ ಅಳತೆಯನ್ನು ಕೈಯಿಂದ ನಿಗದಿ ಮಾಡಲು ಬಿಡದ ಕ್ಯಾಮರಾ ರೇಸಿಗೆ ಬೇಡವೇ ಬೇಡ.

ಶಟರಿನ ವಿಚಾರ ಸ್ವಲ್ಪ ಸೂಕ್ಷ್ಮ. ಇಂಥ ಕ್ಯಾಮರಾಗಳ ಲೆನ್ಸಿನ ರಂಧ್ರ ಹೆಚ್ಚಾಗಿ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಬಿಸಿಲು ಹೆಚ್ಚಾದಾಗ ಅವು ಶಟರ್ ತೆರೆದಿರುವ ಹೊತ್ತನ್ನು ಸೆಕೆಂಡಿನ ಸಾವಿರನೇ ಒಂದು ಭಾಗಕ್ಕೂ ಕೆಳಗೆ ಇಳಿಸುತ್ತವೆ. ಪ್ರತಿ ಚೌಕಟ್ಟೂ ಕತ್ತರಿಸಿಟ್ಟಷ್ಟು ಚೂಪು. ಓಡಿಸಿ ನೋಡಿದರೆ ಮಾತ್ರ ರಸ್ತೆ ಕಟಕಟ ಎಂದು ಜಿಗಿಯುತ್ತದೆ, ವೇಗದ ಭಾವ ಬರುವುದಿಲ್ಲ. ಅದಕ್ಕೇ ಎನ್‌ಡಿ ಫಿಲ್ಟರ್ ಎಂಬ ಕಪ್ಪು ಗಾಜು ಹಾಕಿ ಶಟರನ್ನು ನಿಧಾನ ಮಾಡುತ್ತಾರೆ. ಗಂಟೆಗೆ 180 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ 50 ಮೀಟರು ಸಾಗುತ್ತದೆ. ಸೆಕೆಂಡಿನ 50ನೇ ಒಂದು ಭಾಗದ ಶಟರಿನಲ್ಲಿ ಒಂದು ಮೀಟರಿನಷ್ಟು ಚಲನೆ ಚಿತ್ರದಲ್ಲಿ ಎಳೆದುಕೊಳ್ಳುತ್ತದೆ. ನೋಡುಗನಿಗೆ ಅದೇ ವೇಗ, ಅದೇ ಸೊಗಸು. ಇನ್ನೊಂದು ಲಾಭವೂ ಉಂಟು. ಸೆಕೆಂಡಿಗೆ 100 ಸಲದ ನಡುಕವಿದ್ದರೆ ಅಷ್ಟು ಹೊತ್ತು ತೆರೆದಿರುವ ಶಟರು ಎರಡು ಪೂರ್ತಿ ಕುಲುಕಾಟವನ್ನು ಒಟ್ಟಿಗೆ ಕೂಡಿಸಿಕೊಳ್ಳುತ್ತದೆ, ಆದ್ದರಿಂದ ಜೆಲ್ಲೊ ಅಲೆ ಮಂಕಾಗುತ್ತದೆ. ಆದರೆ ಸ್ಥಿರೀಕರಣ ಚಾಲೂ ಇದ್ದಾಗ ನಿಧಾನ ಶಟರ್ ಹಾಕಿದರೆ ಕುಲುಕಿದ ಗಳಿಗೆಯ ಮಸುಕು ಹಾಗೆಯೇ ಉಳಿದು, ನೆಟ್ಟಗೆ ನಿಂತ ಚಿತ್ರ ಕಾರಣವಿಲ್ಲದೆ ಮಂಜಾದಂತೆ ಕಾಣುತ್ತದೆ. ಚಾಲನೆಯನ್ನು ಕಲಿಯಲು ಚಿತ್ರ ತೆಗೆಯುವುದಾದರೆ ಚೂಪಾದ ಚೌಕಟ್ಟೇ ಇರಲಿ, ಫಿಲ್ಟರ್ ಬೇಡ. ಪ್ರಾಯೋಜಕರಿಗೆ ತೋರಿಸಲು ತೆಗೆಯುವುದಾದರೆ ಫಿಲ್ಟರ್ ಹಾಕಿ, ಸ್ಥಿರೀಕರಣ ನಿಲ್ಲಿಸಿ. ಒಂದೇ ತುಣುಕು ಎರಡಕ್ಕೂ ಒದಗುವುದು ಅಪರೂಪ.

ಮೂರನೆಯ ಶತ್ರು ಕಣ್ಣಿಗೆ ಬೀಳದೆ ಒಳಗೊಳಗೇ ತಿನ್ನುವಂಥದ್ದು. ವಿಡಿಯೊವನ್ನು ಕಾರ್ಡಿನಲ್ಲಿ ಹಿಡಿಸಲು ಕ್ಯಾಮರಾ ಅದನ್ನು ಹಿಂಡುತ್ತದೆ. ಸೆಕೆಂಡಿಗೆ ಇಷ್ಟು ಬಿಟ್ ಎಂದು ನಿಗದಿ ಇರುತ್ತದೆ. ಆಕಾಶ, ಗೋಡೆ, ನೀರು ಇಂಥವಕ್ಕೆ ಬಿಟ್ ಕಡಿಮೆ ಸಾಕು. ಹುಲ್ಲು, ಎಲೆ, ಜಲ್ಲಿ ಅದರ ಪಾಲಿನ ದುಃಸ್ವಪ್ನ. ಪ್ರತಿ ಚೌಕಟ್ಟಿನಲ್ಲೂ ಪ್ರತಿ ಚುಕ್ಕೆಯೂ ಬದಲಾಗುತ್ತದೆ. ಬಿಟ್ ಸಾಲದೆ ಹೋದಾಗ ಕ್ಯಾಮರಾ ಸೂಕ್ಷ್ಮ ವಿವರಗಳನ್ನೇ ಮೊದಲು ಕೈಬಿಡುತ್ತದೆ. ಡಾಂಬರು ಟ್ರ್ಯಾಕಿನಲ್ಲಿ ಚೆನ್ನಾಗಿ ಕಂಡ ಕ್ಯಾಮರಾ ರ‍್ಯಾಲಿ ಸ್ಟೇಜಿನಲ್ಲಿ ಮುಗ್ಗರಿಸುವುದು ಈ ಕಾರಣಕ್ಕೆ.

ಲೆಕ್ಕ ಹಾಕಿ ನೋಡಬಹುದು. 2009ರ ಎಚ್‌ಡಿ ಹೀರೊ 1080ಪಿ, 30 ಚೌಕಟ್ಟಿಗೆ ಸೆಕೆಂಡಿಗೆ ಸುಮಾರು 1.5 ಕೋಟಿ ಬಿಟ್ ಬಳಸುತ್ತಿತ್ತು. ಆ ವಿಡಿಯೊದಲ್ಲಿ ಸೆಕೆಂಡಿಗೆ ಸುಮಾರು 6.2 ಕೋಟಿ ಪಿಕ್ಸೆಲ್. ಒಂದು ಪಿಕ್ಸೆಲ್‌ಗೆ ಸರಿಸುಮಾರು 0.24 ಬಿಟ್. 2019ರ ಹೀರೊ8ರ ಗರಿಷ್ಠ ಮಿತಿ ಸೆಕೆಂಡಿಗೆ 10 ಕೋಟಿ ಬಿಟ್, ಅಂದರೆ 100 ಮೆಗಾಬಿಟ್. 4ಕೆಯಲ್ಲಿ 60 ಚೌಕಟ್ಟು ತೆಗೆದರೆ ಸೆಕೆಂಡಿಗೆ ಸುಮಾರು 50 ಕೋಟಿ ಪಿಕ್ಸೆಲ್, ಒಂದಕ್ಕೆ ಸಿಗುವುದು 0.2 ಬಿಟ್! ಹತ್ತು ವರ್ಷದ ಮುನ್ನಡೆಯ ಬಳಿಕವೂ ಪ್ರತಿ ಪಿಕ್ಸೆಲ್ಲಿನ ಪಾಲು ಕುಗ್ಗಿದೆ. ಹೊಸ ಎಚ್.265 ಪದ್ಧತಿ ಹಳೆಯದಕ್ಕಿಂತ ಸುಮಾರು ಅರ್ಧದಷ್ಟು ಬಿಟ್‌ನಲ್ಲಿ ಅದೇ ಗುಣ ಕೊಡಬಲ್ಲದು, ಆ ಲಾಭವನ್ನು ಅಲ್ಲಗಳೆಯುವಂತಿಲ್ಲ. ಆದರೆ ಅದೇ ಕ್ಯಾಮರಾದಲ್ಲಿ 4ಕೆಯನ್ನು 30 ಚೌಕಟ್ಟಿಗೆ ಇಳಿಸಿದರೆ, ಇಲ್ಲವೇ 2.7ಕೆಗೆ ಬಂದು 60 ಚೌಕಟ್ಟು ಇಟ್ಟುಕೊಂಡರೆ, ಪಿಕ್ಸೆಲ್ಲಿನ ಪಾಲು 0.4ಕ್ಕೆ ಏರುತ್ತದೆ, ದುಪ್ಪಟ್ಟು. ಜಲ್ಲಿ ರಸ್ತೆಗೆ ನಾನು 2.7ಕೆ, 60 ಚೌಕಟ್ಟನ್ನೇ ಹೇಳುತ್ತೇನೆ. 180 ಕಿ.ಮೀ. ವೇಗದಲ್ಲಿ 30 ಚೌಕಟ್ಟಿದ್ದರೆ ಎರಡು ಚಿತ್ರಗಳ ನಡುವೆ ಕಾರು 1.67 ಮೀಟರು ಹೋಗಿಬಿಟ್ಟಿರುತ್ತದೆ. 60 ಇದ್ದರೆ 83 ಸೆಂಟಿಮೀಟರು. ಬ್ರೇಕ್ ಹಾಕಿದ ಜಾಗ ಗುರುತಿಸುವವರಿಗೆ ಈ ಅಂತರ ದೊಡ್ಡದು.

ಯೂಟ್ಯೂಬ್‌ನಲ್ಲಿ ಎರಡು ಕ್ಯಾಮರಾಗಳ ಹೋಲಿಕೆ ನೋಡಿ ತೀರ್ಮಾನಿಸುವುದು ಯಾಕೆ ತಪ್ಪು ಎಂಬುದಕ್ಕೂ ಇಲ್ಲೇ ಉತ್ತರವಿದೆ. ಯೂಟ್ಯೂಬ್ ಬಂದ ವಿಡಿಯೊವನ್ನು ಮತ್ತೊಮ್ಮೆ ಹಿಂಡುತ್ತದೆ. 1080ಪಿಯಾಗಿ ಏರಿಸಿದ್ದಕ್ಕೆ ಕಡಿಮೆ ಬಿಟ್, 4ಕೆಯಾಗಿ ಏರಿಸಿದ್ದಕ್ಕೆ ಹೆಚ್ಚು. ಹಾಗಾಗಿ 1080ಪಿ ತುಣುಕನ್ನೇ 4ಕೆಗೆ ಹಿಗ್ಗಿಸಿ ಏರಿಸಿದರೂ ಮೊದಲಿಗಿಂತ ಚೆನ್ನಾಗಿ ಕಾಣುತ್ತದೆ. ನಾವು ನೋಡುವುದು ಕ್ಯಾಮರಾದ ಗುಣವನ್ನೋ ಯೂಟ್ಯೂಬ್‌ನ ಗುಣವನ್ನೋ ಹೇಳುವುದು ಕಷ್ಟ. ಕಾರ್ಡಿನಿಂದ ನೇರ ತೆಗೆದ ಮೂಲ ಕಡತವನ್ನು ದೊಡ್ಡ ಪರದೆಯ ಮೇಲೆ, ಓಡಿಸಿಯೂ ನಿಲ್ಲಿಸಿಯೂ ನೋಡಿದರೆ ಮಾತ್ರ ಹೋಲಿಕೆಗೆ ಅರ್ಥ.

ಲೆನ್ಸಿನ ಅಗಲದ ಬಗ್ಗೆಯೂ ಒಂದು ಭ್ರಮೆ ಇದೆ. 150 ಡಿಗ್ರಿ ದಾಟಿದ ನೋಟ ವೇಗವನ್ನು ಹಿಗ್ಗಿಸಿ ತೋರಿಸುತ್ತದೆ, ಅಂಚುಗಳು ರೊಯ್ಯನೆ ಹಿಂದೆ ಸರಿಯುತ್ತವೆ. ಅದೇ ನೋಟ ಮುಂದಿನ ತಿರುವನ್ನು ಚೌಕಟ್ಟಿನ ನಡುವಿನ ಚುಕ್ಕೆಯಾಗಿಸುತ್ತದೆ, ಏರು ಇಳುಕಲುಗಳನ್ನು ಸಪಾಟು ಮಾಡುತ್ತದೆ. ಮಲೆನಾಡಿನ ಸ್ಟೇಜಿನಲ್ಲಿ ದಿಬ್ಬದ ಆಚೆ ಏನಿದೆ ಎಂಬುದೇ ಪ್ರಶ್ನೆ. ದಿಬ್ಬವೇ ಕಾಣದಂತೆ ಮಾಡುವ ಲೆನ್ಸ್ ಏನು ಕಲಿಸೀತು? ರ‍್ಯಾಲಿಯ ಹಿಂದಿನ ದಿನಗಳಲ್ಲಿ ದಾರಿ ನೋಡಿಕೊಳ್ಳಲು ರೆಕ್ಕಿಗೆ ಹೋಗುವ ಜೋಡಿಗಳು ಕ್ಯಾಮರಾ ಹಾಕಿಕೊಂಡು ಹೋಗಿ, ರಾತ್ರಿ ಕೋಣೆಯಲ್ಲಿ ಕೂತು ಆ ವಿಡಿಯೊ ನೋಡುತ್ತಾ ದಾರಿಯ ಟಿಪ್ಪಣಿಯಾದ ಪೇಸ್ ನೋಟ್ಸ್ ತಿದ್ದಿಕೊಳ್ಳುತ್ತಾರೆ. ಆ ಕೆಲಸಕ್ಕೆ 90 ಡಿಗ್ರಿಯ ಆಸುಪಾಸಿನ, ಗೆರೆಗಳನ್ನು ಬಾಗಿಸದ 'ಲಿನಿಯರ್' ನೋಟವೇ ಸರಿ. ಕೈ, ಗೇರ್, ರಸ್ತೆ ಮೂರೂ ಬೇಕೆಂದಾಗ ಮಾತ್ರ ಅಗಲಕ್ಕೆ ಹೋಗಿ.

ರೇಸಿಗೆಂದೇ ಮಾಡಿದ ರೆಕಾರ್ಡರುಗಳು ಬೇರೆ ಜಾತಿಯವು. ಇಂಗ್ಲೆಂಡಿನ ರೇಸ್‌ಲಾಜಿಕ್ ಕಂಪನಿಯ ವಿಡಿಯೊ ವಿಬಾಕ್ಸ್, ಇಟಲಿಯ ಏಮ್ ಕಂಪನಿಯ ಸ್ಮಾರ್ಟಿಕ್ಯಾಮ್ ಇವುಗಳಲ್ಲಿ ಪ್ರಮುಖ. ಚಿತ್ರದ ಸಂಖ್ಯೆಯಲ್ಲಿ ಇವು 1080ಪಿ ಆಸುಪಾಸಿನಲ್ಲೇ ನಿಂತಿವೆ. ಆ್ಯಕ್ಷನ್ ಕ್ಯಾಮರಾ ಪಕ್ಕ ಇಟ್ಟರೆ ಸಪ್ಪೆ. ಆದರೆ ವೇಗ, ಎಂಜಿನ್ ಸುತ್ತು, ಬ್ರೇಕ್ ಒತ್ತಡ, ಟ್ರ್ಯಾಕಿನ ನಕ್ಷೆ ಎಲ್ಲವೂ ಚಿತ್ರದ ಮೇಲೇ ಕೂತು ಬರುತ್ತದೆ. ಕಾರು ಚಾಲೂ ಆದೊಡನೆ ತಾನೇ ಚಿತ್ರೀಕರಣ ಶುರುಮಾಡುತ್ತವೆ. ಅಪಘಾತದಲ್ಲಿ ವಿದ್ಯುತ್ ಕಡಿದರೂ ಕಡತ ಉಳಿಯುವಂತೆ ಅವನ್ನು ಕಟ್ಟಿದ್ದಾರೆ. ದುಡ್ಡಿದ್ದವರು, ದೀರ್ಘಕಾಲ ಟ್ರ್ಯಾಕಿನಲ್ಲಿ ಓಡಿಸುವವರು ಇದನ್ನೇ ತೆಗೆದುಕೊಳ್ಳಲಿ ಎನ್ನುತ್ತೇನೆ. ಗಾರ್ಮಿನ್‌ನ ವರ್ಬ್ ಸರಣಿ ಈ ಎರಡು ಲೋಕಗಳ ನಡುವೆ ಸೇತುವೆಯಾಗಿತ್ತು. ಆ ಕಂಪನಿ 2020ರಲ್ಲಿ ತಂದ ಕ್ಯಾಟಲಿಸ್ಟ್ ಚಿತ್ರಕ್ಕಿಂತ ಚಾಲಕನಿಗೆ ಪಾಠ ಹೇಳುವುದರ ಕಡೆಗೆ ವಾಲಿತು. ಗೋಪ್ರೊ ಹೀರೊ5ರಿಂದ ಜಿಪಿಎಸ್ ಕೊಟ್ಟು, ಹೀರೊ12ರಲ್ಲಿ ಕಿತ್ತುಹಾಕಿ, 2024ರ ಹೀರೊ13ರಲ್ಲಿ ಮತ್ತೆ ತಂದಿದೆ. ಹಳೆಯ ಮಾದರಿ ಕೊಳ್ಳುವವರು ಇದನ್ನು ವಿಚಾರಿಸಿಕೊಳ್ಳಬೇಕು.

360 ಡಿಗ್ರಿ ಕ್ಯಾಮರಾಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 2024ರ ಇನ್‌ಸ್ಟಾ360 ಎಕ್ಸ್4 ಒಟ್ಟು 8ಕೆ ಕೊಡುತ್ತದೆ ನಿಜ, ಆದರೆ ಆ ಪಿಕ್ಸೆಲ್ಲುಗಳೆಲ್ಲ ಇಡೀ ಗೋಳಕ್ಕೆ ಹಂಚಿಹೋಗುತ್ತವೆ. ಮುಂದಿನ 90 ಡಿಗ್ರಿಯನ್ನು ಕತ್ತರಿಸಿದರೆ ಅಗಲದಲ್ಲಿ ಉಳಿಯುವುದು ಕಾಲುಪಾಲು, 1920 ಪಿಕ್ಸೆಲ್. ಜತೆಗೆ ಎರಡು ಉಬ್ಬು ಲೆನ್ಸುಗಳು ಕಲ್ಲೇಟಿಗೆ ಮೈಯೊಡ್ಡಿ ನಿಂತಿರುತ್ತವೆ. ತರಬೇತುದಾರನಿಗೆ ಚಾಲಕನ ಕಣ್ಣು, ಕೈ, ದಾರಿ ಮೂರನ್ನೂ ಒಂದೇ ತುಣುಕಿನಲ್ಲಿ ನೋಡಬೇಕಿದ್ದರೆ ಕಾರಿನೊಳಗೆ ಒಂದು ಇರಲಿ.

ಧೂಳು, ಕೆಸರು, ಶಾಖಗಳನ್ನೂ ಗಮನಿಸಬೇಕು. ಫಾರ್ಮುಲಾ 1 ಕಾರಿನ ಕ್ಯಾಮರಾಗಳ ಮುಂದೆ ಪಾರದರ್ಶಕ ಪಟ್ಟಿಯೊಂದು ಸುತ್ತಿಕೊಂಡು ಕೊಳೆಯನ್ನು ಒಯ್ಯುತ್ತದೆ. ನಮಗೆ ಆ ಭಾಗ್ಯವಿಲ್ಲ. ಕೆಂಪುಧೂಳಿನ ಸ್ಟೇಜಿನಲ್ಲಿ ಬಂಪರಿನ ಕ್ಯಾಮರಾ ಕೆಲವೇ ಕಿಲೋಮೀಟರಿನಲ್ಲಿ ಕುರುಡು. ಮುಂಗಾಜಿನ ಹಿಂದೆ, ವೈಪರ್ ಗುಡಿಸುವ ಜಾಗದಲ್ಲಿ ಇಡುವುದೇ ಜಾಣತನ. ಸರ್ವಿಸ್ ಪಾರ್ಕಿನ ಬಿಸಿಲಿನಲ್ಲಿ ಬಾಗಿಲು ಮುಚ್ಚಿ ನಿಂತ ಕಾರಿನೊಳಗೆ, ಗಾಳಿಯಾಡದೆ, ಅತಿಹೆಚ್ಚಿನ ವಿಧಾನದಲ್ಲಿ ಚಾಲೂ ಇಟ್ಟರೆ ಸಣ್ಣ ಕ್ಯಾಮರಾ ಬಿಸಿಯೇರಿ ತಾನೇ ಆರಿಹೋಗುತ್ತದೆ. ಸ್ಟೇಜಿನ ಬಾಯಿಗೆ ಬಂದ ಮೇಲೆ ಒತ್ತಿದರೆ ಸಾಕು. ಶಬ್ದವನ್ನೂ ಮರೆಯಬಾರದು, ಟೈರು ಜಾರುವ ಸದ್ದು ಎಷ್ಟೋ ಸಲ ಚಿತ್ರಕ್ಕಿಂತ ಮೊದಲು ವಿಷಯ ಹೇಳುತ್ತದೆ. ಹೊರಗಿನ ಮೈಕಿಗೆ ತೂತು ಇರುವ ಕ್ಯಾಮರಾಕ್ಕೆ ನನ್ನ ಒಂದು ಅಂಕ ಹೆಚ್ಚು.

ಕೊಳ್ಳುವ ಮುನ್ನ ಪರೀಕ್ಷೆ ಮಾಡಬೇಕಾದದ್ದು ನಿಮ್ಮದೇ ಗಾಡಿಯಲ್ಲಿ. ಗೆಳೆಯರಿಂದಲೋ ಬಾಡಿಗೆಗೋ ಎರಡು ಕ್ಯಾಮರಾ ತನ್ನಿ. ಒಂದೇ ಕ್ಲ್ಯಾಂಪ್‌ಗೆ ಅಕ್ಕಪಕ್ಕ ಕಟ್ಟಿ, ಎರಡಕ್ಕೂ ಒಂದೇ ಚೌಕಟ್ಟಿನ ಸಂಖ್ಯೆ, ಒಂದೇ ನೋಟದ ಅಗಲ ಇಡಿ, ಸ್ಥಿರೀಕರಣ ನಿಲ್ಲಿಸಿ. ನೆರಳಿನಿಂದ ಬಿಸಿಲಿಗೆ ಹೊರಳುವ, ಮರಗಳಿರುವ ಒಂದು ದಾರಿ ಆರಿಸಿಕೊಳ್ಳಿ. ಎಂಜಿನ್ನನ್ನು ನೀವು ನಿಜವಾಗಿ ಓಡಿಸುವ ಸುತ್ತಿಗೆ ಏರಿಸಿ. ಮನೆಗೆ ಬಂದು ಮೂಲ ಕಡತದಲ್ಲಿ ಮೂರನ್ನು ಹುಡುಕಿ: ನೆರಳಿನೊಳಗಿನ ರಸ್ತೆಯ ಅಂಚು, ಸ್ಪೀಡೋಮೀಟರಿನ ಅಂಕಿ, ಹತ್ತು ಮೀಟರು ಮುಂದಿನ ಒಂದು ಕಲ್ಲು. ಈ ಮೂರೂ ಓದಲು ಸಿಗುವ ಕ್ಯಾಮರಾ ಎರಡು ತಲೆಮಾರು ಹಳೆಯದಾದರೂ ಅದನ್ನೇ ತೆಗೆದುಕೊಳ್ಳಿ. ಉಳಿದ ದುಡ್ಡಿನಲ್ಲಿ ಒಂದು ಲೋಹದ ಕ್ಲ್ಯಾಂಪ್, ಉಕ್ಕಿನ ಕಟ್ಟು, ಎರಡು ಒಳ್ಳೆಯ ಕಾರ್ಡ್ ಬರುತ್ತವೆ.